ಮಿಸ್ಟರ್ ಅಂಡ್ ಮಿಸೆಸ್ 55 ಹಾಲ್‌ನಲ್ಲಿ ತೋರಿಸಬೇಕು: ಕನ್ನಡ ಸಬ್‌ಟೈಟಲ್, ಪ್ರೊಜೆಕ್ಟರ್, ಚರ್ಚೆ ಬಗ್ಗೆ ಸಲಹೆ ಕೊಡಿ

ಮುಲುಂಡ್ ಮಂದಾರ:

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮುಲುಂಡ್‌ನಲ್ಲಿ ನಮ್ಮ ಕನ್ನಡ ಬಳಗದಿಂದ ಒಂದು ಭಾನುವಾರ ಸಂಜೆ ಗುರುದತ್ ಅವರ 1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ತೋರಿಸೋದು ಅಂತ ತೀರ್ಮಾನ ಆಗಿದೆ. ಸೊಸೈಟಿ ಹಾಲ್, 80 ಕುರ್ಚಿ, ನೆಲ ಸಮತಟ್ಟು. ಪರದೆ 10 ಅಡಿ ಅಗಲ. ಪ್ರೊಜೆಕ್ಟರ್ ಬಾಡಿಗೆಗೆ ತರೋದು, ಸ್ಪೀಕರ್ ಮತ್ತೆ ಮಿಕ್ಸರ್ ಹಾಲ್‌ನಲ್ಲೇ ಇದೆ. ಊರಿಂದ ಮಕ್ಕಳ ಮನೆಗೆ ಬಂದಿರೋ ಹಿರಿಯರು ಜಾಸ್ತಿ ಬರ್ತಾರೆ, ಅವರಿಗೆ ಹಿಂದಿ ಅಷ್ಟು ಹತ್ತೋದಿಲ್ಲ. ಅದಕ್ಕೇ ಕನ್ನಡ ಸಬ್‌ಟೈಟಲ್ ನಾವೇ ಮೂರು ಜನ ಕೂತು ಮಾಡೋ ಯೋಚನೆ.

ಎರಡು ಪ್ರಶ್ನೆ. ಒಂದು, ಸಬ್‌ಟೈಟಲ್ ಮತ್ತು ಪ್ರೊಜೆಕ್ಷನ್‌ನಲ್ಲಿ ಎಲ್ಲಿ ಕೈಕೊಡುತ್ತೆ, ಮೊದಲೇ ಏನೇನು ನೋಡ್ಕೋಬೇಕು? ಎರಡು, ಸಮಿತಿಯಲ್ಲಿ ಒಮ್ಮತ ಇಲ್ಲ. ಹಗುರವಾದ ಹಾಸ್ಯ, ಮನೆಮಂದಿಯೆಲ್ಲ ನೋಡಬಹುದು ಅಂತ ಕೆಲವರು. ವಿಚ್ಛೇದನ ಕೇಳೋ ಹೆಂಗಸರನ್ನ ಗೇಲಿ ಮಾಡೋ ಸಿನಿಮಾ, ಸುಮ್ಮನೆ ತೋರಿಸಿ ಕಳಿಸಿದ್ರೆ ತಪ್ಪಾಗುತ್ತೆ ಅಂತ ಇನ್ನು ಕೆಲವರು. ಆಮೇಲೆ 40 ನಿಮಿಷ ಚರ್ಚೆ ಇಟ್ಟಿದ್ದೀವಿ. ಅದನ್ನ ಹೇಗೆ ನಡೆಸೋದು?

ಮಾಟುಂಗಾ ರೀಲು:

ಮೊದಲು ಪ್ರತಿ ಯಾವುದು ಅಂತ ಗಟ್ಟಿ ಮಾಡ್ಕೊಳ್ಳಿ ಮಾರಾಯ್ರೆ, ಉಳಿದದ್ದೆಲ್ಲ ಆಮೇಲೆ. ಈ ಸಿನಿಮಾದ ಪ್ರತಿಗಳು ಒಂದಕ್ಕೊಂದು ಹೊಂದೋದಿಲ್ಲ. ಕೆಲವದರಲ್ಲಿ ಹಾಡು ಅಥವಾ ರೀಲ್ ಬದಲಾಗೋ ಜಾಗ ಹಾರಿ ಹೋಗಿರ್ತದೆ, ಕೆಲವದರ ಮೂಲೆಯಲ್ಲಿ ಚಾನೆಲ್‌ನ ಮುದ್ರೆ ಇರ್ತದೆ. 2025ರಲ್ಲಿ ಗುರುದತ್ ಶತಮಾನೋತ್ಸವಕ್ಕೆ ರಿಸ್ಟೋರ್ ಆದ ಪ್ರತಿಗಳು ಥಿಯೇಟರಿಗೆ ಬಂದವಲ್ಲ, ಅವುಗಳಲ್ಲಿ ಇದೂ ಇತ್ತು. ಅದನ್ನು ಹೊರತಂದವರಿಗೂ ಪುಣೆಯ ಫಿಲ್ಮ್ ಆರ್ಕೈವ್‌ಗೂ (ಈಗ ಎನ್‌ಎಫ್‌ಡಿಸಿ, ಅಂದ್ರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಜೊತೆ ಸೇರಿದೆ) ಬಳಗದ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಯಿರಿ. ಮನೆಯ ಓಟಿಟಿ ಖಾತೆಯಿಂದ ಹಾಲ್‌ನಲ್ಲಿ ತೋರಿಸಲಿಕ್ಕೆ ಆ ಕಂಪನಿಗಳ ಷರತ್ತಿನಲ್ಲೇ ಅವಕಾಶ ಇಲ್ಲ. ಟಿಕೆಟ್ ಇಡದಿದ್ದರೂ ಅಷ್ಟೇ. ಚಿತ್ರ ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಅನ್ನೋ ಲೆಕ್ಕ ಹಿಡಿದರೆ 2015ರ ಕೊನೆಗೆ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ ನಿಜ. ಆದ್ರೆ ಹಾಡುಗಳ ಸಾಹಿತ್ಯ, ಸಂಗೀತದ ಹಕ್ಕಿನ ಲೆಕ್ಕ ಬೇರೆ, ಅದನ್ನು ಎಣಿಸೋದು ಮಾಡಿದವರು ತೀರಿಕೊಂಡ ಮೇಲಿಂದ. ಸಾಹಿತ್ಯ ಬರೆದ ಮಜ್ರೂಹ್ ತೀರಿಕೊಂಡದ್ದು 2000ದಲ್ಲಿ, ಸಂಗೀತ ಕೊಟ್ಟ ಓ.ಪಿ. ನಯ್ಯರ್ 2007ರಲ್ಲಿ. ಲಿಖಿತ ಒಪ್ಪಿಗೆ ಒಂದಿದ್ದರೆ ಹಾಲ್‌ನ ಕಾರ್ಯದರ್ಶಿ ಕೇಳಿದಾಗ ತೋರಿಸ್ಲಿಕ್ಕೆ ಆಗ್ತದೆ.

ಇನ್ನು ಚಿತ್ರದ ಆಕಾರ. ಇದು ಹಳೆ ಅಕಾಡೆಮಿ ಅಳತೆ, ಹೆಚ್ಚುಕಡಿಮೆ 4:3. ಇದೇ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರಲ್ಲಿ ಗುರುದತ್‌ಗೇ ಸಿನಿಮಾಸ್ಕೋಪ್ ಮಾಡಿದ್ದರಿಂದ, ಇದೂ ಅಗಲ ಇರಬೇಕು ಅಂದುಕೊಂಡು ಪ್ರೊಜೆಕ್ಟರಿನ ಹುಡುಗ ‘ಫುಲ್’ ಒತ್ತಿಬಿಡ್ತಾನೆ. ಮಧುಬಾಲಾ ಮುಖ ಅಡ್ಡಕ್ಕೆ ಊದಿಕೊಳ್ತದೆ. ‘ಝೂಮ್’ ಒತ್ತಿದರೆ ಇನ್ನೂ ಕಷ್ಟ: ಮೇಲೆ ತಲೆ ಹೋಗ್ತದೆ, ಕೆಳಗೆ ನಿಮ್ಮ ಸಬ್‌ಟೈಟಲ್ ಹೋಗ್ತದೆ. ನಿಮ್ಮದು 10 ಅಡಿಯ 16:9 ಪರದೆ ಆದ್ರೆ ಎತ್ತರ 5.6 ಅಡಿ, ಅದರಲ್ಲಿ ಚಿತ್ರ ಬೀಳೋದು ಬರೀ ಏಳೂವರೆ ಅಡಿ ಅಗಲಕ್ಕೆ. ಎಡಬಲ ಖಾಲಿ ಉಳೀತದೆ, ಉಳೀಲಿ. ಪ್ರೊಜೆಕ್ಟರಿನ ಮೆನುವಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಅಳತೆಯ ಆಯ್ಕೆ ಇರ್ತದೆ. ಒಂದು ಕಡೆ ಸರಿ ಮಾಡಿ ಇನ್ನೊಂದು ಕಡೆ ಬಿಟ್ರೆ ಮತ್ತೆ ಎಳೀತದೆ. ತಲೆ ಕೆಡಿಸ್ಕೊಳ್ಳೋದು ಬೇಡ, ಪರದೆ ಮೇಲೆ ಯಾವುದಾದ್ರೂ ದುಂಡನೆ ವಸ್ತು ಬಂದಾಗ ನಿಲ್ಲಿಸಿ ಟೇಪ್ ಹಿಡಿದು ಅಳೀರಿ.

ಕಪ್ಪು-ಬಿಳುಪಿಗೆ ಕತ್ತಲೆ ಮುಖ್ಯ. ನಿಮ್ಮ ಪರದೆಗೆ 3000 ಲೂಮೆನ್ಸ್ (ಪ್ರೊಜೆಕ್ಟರ್ ಬೆಳಕಿನ ಅಳತೆ) ಬೇಕಾದಷ್ಟಾಯ್ತು. ಜಾಸ್ತಿ ಲೂಮೆನ್ಸ್‌ನದ್ದು ತಂದ್ರೂ ಕಿಟಕಿಯ ಬೆಳಕಿದ್ರೆ ಕಪ್ಪು ಬೂದಿಯಾಗ್ತದೆ, ಮೂರ್ತಿಯವರ ರಾತ್ರಿಯ ದೃಶ್ಯ ಎಲ್ಲ ಮಂಕು. ಪಡುವಣ ಕಿಟಕಿಗೆ ಖಾಕಿ ಕಾಗದ ಎರಡು ಪದರ ಅಂಟಿಸಿ. ಪ್ರೊಜೆಕ್ಟರಿನಲ್ಲಿ ‘ವಿವಿಡ್’, ‘ಡೈನಮಿಕ್’ ಬೇಡ, ‘ಸಿನಿಮಾ’ ಮೋಡ್‌ಗೆ ಹಾಕಿ.

ಶಬ್ದದಲ್ಲಿ ಹೆಚ್ಚಾಗಿ ಆಗೋ ಎಡವಟ್ಟು: ಎಚ್‌ಡಿಎಂಐ ಕೇಬಲ್ ಚುಚ್ಚಿದ ಕೂಡ್ಲೇ ಲ್ಯಾಪ್‌ಟಾಪ್ ಧ್ವನಿಯನ್ನೂ ಪ್ರೊಜೆಕ್ಟರಿಗೇ ಕಳಿಸಿ, ಅದರ ಹೊಟ್ಟೆಯ ಸಣ್ಣ ಸ್ಪೀಕರ್ ಕಿರುಗುಟ್ಟಲಿಕ್ಕೆ ಶುರು ಮಾಡ್ತದೆ. ಆಡಿಯೋ ಔಟ್‌ಪುಟ್ ಕೈಯಾರೆ ಹೆಡ್‌ಫೋನ್‌ಗೆ ಬದಲಿಸಿ. ಅಲ್ಲಿಂದ ಮಿಕ್ಸರ್‌ಗೆ ಹೋಗೋ ದಾರಿಯಲ್ಲಿ ಡಿಐ ಬಾಕ್ಸ್ (ಹಮ್ ತಡೆಯೋ ಸಣ್ಣ ಪೆಟ್ಟಿಗೆ) ಒಂದು ಇಡಿ, ಇಲ್ಲದಿದ್ರೆ ಚಾರ್ಜರ್ ಹಾಕಿದ ತಕ್ಷಣ ‘ಗುಂಯ್’ ಅಂತ ಹಮ್ ಬರ್ತದೆ. ಮೂಲ ಧ್ವನಿ ಮೋನೋ, ಆದ್ದರಿಂದ ಎರಡೂ ಸ್ಪೀಕರ್‌ಗೆ ಒಂದೇ ಹೋಗ್ಲಿ. 100 ಹರ್ಟ್ಸ್‌ಗಿಂತ ಕೆಳಗೆ ಕತ್ತರಿಸಿ, 8000ದ ಮೇಲೆ ಇಳಿಸಿ; ಅಲ್ಲಿ ಮಾತಿಗಿಂತ ಗುಡುಗುಡು, ಸರಸರ ಇರೋದೇ ಹೆಚ್ಚು. ಬಾಸ್ ಏರಿಸಿದ್ರೆ ಹಾಸ್ಯನಟ ಜಾನಿ ವಾಕರ್ ಮಾತು ಒಂದೂ ತಿಳಿಯೋದಿಲ್ಲ.

ಮತ್ತೆ, ಭಾನುವಾರ ಅಂದಿರಿ. ಮಧ್ಯ ರೈಲ್ವೆಯ ಮೆಗಾಬ್ಲಾಕ್ (ಹಳಿ ರಿಪೇರಿಗೆ ರೈಲು ನಿಲ್ಲಿಸೋ ಹೊತ್ತು) ನೋಡ್ಕೊಂಡು ಸಮಯ ಇಡಿ. ನಾಲ್ಕೂವರೆಗೆ ಶುರು ಮಾಡಿದ್ರೆ ಹೊರಗಿಂದ ಬರೋರಿಗೂ ಆಗ್ತದೆ.

ಸಾಲು_ಸಮಯ:

ಸಬ್‌ಟೈಟಲ್ ಭಾಗ ನಾನು ಹೇಳ್ತೀನಿ.

ಮೂರು ಜನ ಹಂಚಿಕೊಳ್ಳೋದು ಸರಿ. ಆದರೆ ಮೂವರೂ ಒಂದೇ ವಿಡಿಯೋ ಫೈಲ್ ಇಟ್ಟುಕೊಂಡು ಕೂರಬೇಕು, ಹಾಲ್‌ನಲ್ಲಿ ಓಡಿಸೋದೂ ಅದೇ ಫೈಲ್ ಆಗಿರಬೇಕು. ಮಾತು ದಂಡಿಯಾಗಿರೋ ಎರಡೂವರೆ ಗಂಟೆಯ ಸಿನಿಮಾ, ಸಾವಿರದೈನೂರರ ಆಸುಪಾಸು ಸಬ್‌ಟೈಟಲ್ ಬರುತ್ತೆ ಅಂತ ಲೆಕ್ಕ ಇಟ್ಕೊಳ್ಳಿ. ಮೊದಲು ಒಬ್ಬರು ಸಬ್‌ಟೈಟಲ್ ಎಡಿಟ್ ಅನ್ನೋ ಉಚಿತ ತಂತ್ರಾಂಶದಲ್ಲಿ ಬರೀ ಸಮಯ ಗುರುತಿಸಿ ಖಾಲಿ ಸಾಲು ಮಾಡಿ ಕೊಡಲಿ, ಆಮೇಲೆ ಮೂವರೂ ಕನ್ನಡ ತುಂಬಿ. ಯಾರು ಯಾರಿಗೆ ‘ನೀನು’, ಯಾರು ಯಾರಿಗೆ ‘ನೀವು’ ಅಂತ ಮುಂಚೆಯೇ ಒಂದು ಚೀಟಿ ಮಾಡಿ ಮೂವರ ಹತ್ರವೂ ಇಡಿ. ಇಲ್ಲದಿದ್ರೆ ಮಧ್ಯಂತರ ಆದ ಮೇಲೆ ನಾಯಕಿ ಅನಿತಾ ಇದ್ದಕ್ಕಿದ್ದಂತೆ ನಾಯಕ ಪ್ರೀತಮ್‌ಗೆ ಬಹುವಚನ ಶುರು ಹಚ್ಕೊಳ್ತಾಳೆ.

ಟೈಪ್ ಮಾಡೋದು ಯೂನಿಕೋಡ್‌ನಲ್ಲೇ. ನುಡಿ, ಬರಹ ತಂತ್ರಾಂಶಗಳ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ್ರೆ ವರ್ಡ್‌ನಲ್ಲಿ ಚೆನ್ನಾಗೇ ಕಾಣುತ್ತೆ, ಪ್ಲೇಯರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತೆ. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲ್ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೈಯಾರೆ ಆರಿಸಿ, ಆನ್ಸಿ ಅಂತ ಉಳಿದ್ರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ.

ಅಳತೆ ಹೀಗೆ. ಚಿತ್ರದ ಅಗಲ ಏಳೂವರೆ ಅಡಿ. ಕೊನೆ ಸಾಲಿನವರು ಓದಬೇಕು ಅಂದ್ರೆ ಅಕ್ಷರದ ಎತ್ತರ ಚಿತ್ರದ ಎತ್ತರದಲ್ಲಿ ಇಪ್ಪತ್ತನೇ ಒಂದು ಪಾಲಾದರೂ ಬೇಕು, ನಿಮ್ಮ ಪರದೆಗೆ ಮೂರೂವರೆ ಇಂಚು ಹತ್ತಿರ. ಆ ಗಾತ್ರದಲ್ಲಿ ಒಂದು ಸಾಲಿಗೆ 24–26 ಅಕ್ಷರ ಹಿಡಿಯುತ್ತೆ, ಒತ್ತಕ್ಷರ ಸೇರಿಸಿ ಒಂದು ಅಂತ ಎಣಿಸಿ. ಎರಡು ಸಾಲಿಗಿಂತ ಜಾಸ್ತಿ ಬೇಡವೇ ಬೇಡ. ಹಿರಿಯರಿಗೆ ಸೆಕೆಂಡಿಗೆ 8–9 ಅಕ್ಷರದ ವೇಗ ಇಡಿ, ಅಂದರೆ ತುಂಬಿದ ಎರಡು ಸಾಲು ಆರು ಸೆಕೆಂಡು ನಿಲ್ಲಬೇಕು. ಅಬ್ರಾರ್ ಅಲ್ವಿ ಬರೆದ ಮಾತುಗಳು ಪಟಪಟ ಅಂತ ಉದುರುತ್ವೆ, ಎಲ್ಲವನ್ನೂ ಹಿಡಿಯೋಕೆ ಹೋದ್ರೆ ಜನ ಸಿನಿಮಾ ಬಿಟ್ಟು ಬರೀ ಓದ್ತಾ ಕೂರ್ತಾರೆ. ಮೂರು ಮಾತಿದ್ದಲ್ಲಿ ಎರಡು ಇಡಿ.

ತಮಾಷೆಯ ಜಾಗಗಳಲ್ಲಿ ಮಾತ್ರ ಸಮಯ ತುಂಬಾ ಬಿಗಿಯಾಗಿರಬೇಕು. ಆಫೀಸಿನಲ್ಲಿ ಜಾನಿ ವಾಕರ್ ಮತ್ತು ಯಾಸ್ಮಿನ್ ಮೇಜು ಕುರ್ಚಿಗಳ ನಡುವೆ ಕಳೆದುಹೋದ ಹೃದಯ ಹುಡುಕೋ ಹಾಡು ಗೊತ್ತಲ್ಲ, ರಫಿ ಒಂದು ಸಾಲು, ಗೀತಾ ದತ್ ಒಂದು ಸಾಲು. ಅವನು ಕೇಳ್ತಾನೆ, ಅವಳು ಎತ್ತಿ ಎಸೆದ ಹಾಗೆ ಉತ್ತರ ಕೊಡ್ತಾಳೆ. ಅವನ ಪ್ರಶ್ನೆ, ಅವಳ ಉತ್ತರ ಎರಡನ್ನೂ ಒಂದೇ ಸಬ್‌ಟೈಟಲ್‌ನಲ್ಲಿ ಹಾಕಿದ್ರೆ ಅವಳು ಬಾಯಿ ತೆರೆಯೋ ಮುಂಚೆಯೇ ಸಭೆ ಓದಿ ನಕ್ಕುಬಿಡುತ್ತೆ, ಅವಳ ಮುಖ ನೋಡೋರೇ ಇರೋಲ್ಲ. ಉತ್ತರಕ್ಕೆ ಬೇರೆ ಸಬ್‌ಟೈಟಲ್, ಅದೂ ಅವಳ ಮೊದಲ ಪದದ ಮೇಲೇ ಏಳಬೇಕು. ಬೇರೆ ಹಾಡುಗಳಲ್ಲಿ ಪಲ್ಲವಿಗೆ ಒಂದು ಸಲ ಅರ್ಥ ಕೊಟ್ಟರೆ ಸಾಕು, ತಿರುಗಿ ಬಂದಾಗ ಪರದೆ ಖಾಲಿ ಬಿಡಿ.

ಬಣ್ಣ ತಿಳಿಹಳದಿ, ಸುತ್ತ ಕಪ್ಪು ಅಂಚು. ಕಪ್ಪು-ಬಿಳುಪು ಸಿನಿಮಾದಲ್ಲಿ ಬಿಳಿ ಅಕ್ಷರ ಬಿಳಿ ಸೀರೆ, ಬಿಳಿ ಗೋಡೆ ಮೇಲೆ ಬಿದ್ರೆ ಮಾಯ. ನೆಲ ಸಮತಟ್ಟು ಅಂದಿರಲ್ಲ, ಮುಂದಿನ ಸಾಲಿನ ತಲೆಗಳು ಚಿತ್ರದ ಕೆಳಭಾಗ ತಿನ್ನುತ್ವೆ. ಸಬ್‌ಟೈಟಲನ್ನು ತಳದಿಂದ ಹತ್ತನೇ ಒಂದು ಪಾಲು ಮೇಲಕ್ಕೆ ಎತ್ತಿ, ಪರದೆಯ ತಳ ನೆಲದಿಂದ ನಾಲ್ಕಡಿ ಮೇಲಿರೋ ಹಾಗೆ ಕಟ್ಟಿಸಿ. ಸಾಲುಗಳ ನಡುವೆ ಜಾಗ ಬಿಡದಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ನೋಟೋ ಸಾನ್ಸ್ ಕನ್ನಡ ಫಾಂಟ್‌ನ ದಪ್ಪ ಅಕ್ಷರ ಸಾಕು, ಅಲಂಕಾರದ ಫಾಂಟ್ ಬೇಡ.

ಎಲ್ಲ ಮುಗಿದ ಮೇಲೆ ಹ್ಯಾಂಡ್‌ಬ್ರೇಕ್ ಅನ್ನೋ ತಂತ್ರಾಂಶದಲ್ಲಿ ಸಬ್‌ಟೈಟಲನ್ನು ಚಿತ್ರದೊಳಕ್ಕೇ ಅಚ್ಚೊತ್ತಿ ಒಂದೇ ಎಂಪಿ4 ಮಾಡಿ. ಪೆನ್‌ಡ್ರೈವ್‌ನಿಂದ ನೇರ ಓಡಿಸೋ ಪ್ರೊಜೆಕ್ಟರ್‌ಗಳಲ್ಲಿ ಹೆಚ್ಚಾಗಿ ಕನ್ನಡ ಫಾಂಟ್ ಇರೋದಿಲ್ಲ, ಚೌಕ ಚೌಕ ಡಬ್ಬಿ ಬರುತ್ತೆ. ಕೆಲವದರಲ್ಲಿ ಒತ್ತು ಬಿಚ್ಚಿಕೊಂಡು ಪಕ್ಕಕ್ಕೆ ನಿಲ್ಲುತ್ತೆ. ಹಾಲ್‌ನವರ ಲ್ಯಾಪ್‌ಟಾಪ್ ಮೇಲೂ ಭರವಸೆ ಇಡಬೇಡಿ.

ಸಬ್‌ಟೈಟಲ್ ಮುಂದೆ ಹಿಂದೆ ಆಗ್ತಾ ಇದ್ರೆ ಹೇಗೆ ಆಗ್ತಿದೆ ನೋಡಿ. ಶುರುವಿನಲ್ಲಿ ಸರಿ ಇದ್ದು ನಿಧಾನಕ್ಕೆ ಜಾರ್ತಾ ಹೋದ್ರೆ ಫ್ರೇಮ್ ವೇಗದ ತೊಂದರೆ: 24 ಫ್ರೇಮಿನ ಚಿತ್ರವನ್ನ 25ಕ್ಕೆ ಓಡಿಸಿದ ಡಿಸ್ಕ್‌ನಲ್ಲಿ 150 ನಿಮಿಷದ್ದು 144ಕ್ಕೇ ಮುಗಿಯುತ್ತೆ, ಹತ್ತು ನಿಮಿಷಕ್ಕೆ 24 ಸೆಕೆಂಡು ಜಾರುತ್ತೆ. ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿದ್ರೆ ಒಂದೇ ಏಟಿಗೆ ಸರಿ. ಒಂದು ಜಾಗದಿಂದ ಮುಂದೆ ಏಕಾಏಕಿ ತಪ್ಪಿದ್ರೆ ಅಲ್ಲಿ ಪ್ರತಿಯಲ್ಲಿ ಏನೋ ಕತ್ತರಿಸಿದ್ದಾರೆ ಅಂತ. ಆ ಸಾಲಿಂದ ಮುಂದಿನದನ್ನಷ್ಟೇ ಸರಿಸಿ.

ಕಲಂ_ಇಪ್ಪತ್ಮೂರು:

ಎರಡನೇ ಪ್ರಶ್ನೆಗೆ. ಈ ಸಿನಿಮಾವನ್ನ ಕಾನೂನು ಕೈಯಲ್ಲಿ ಹಿಡಿದು ನೋಡಿದರೆ ಚರ್ಚೆ ತಾನಾಗೇ ಹುಟ್ಟುತ್ತದೆ. ‘ಹೆಣ್ಣಿಗೆ ವಿರುದ್ಧವೋ ಅಲ್ಲವೋ’ ಎಂದು ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಎರಡು ಪಾಳೆಯ ಆಗಿ ನಿಂತುಬಿಡುತ್ತದೆ.

ಕತೆ ಗೊತ್ತಿಲ್ಲದವರಿಗೆ: ಅನಿತಾಗೆ ಅಪ್ಪನ 70 ಲಕ್ಷ ಸಿಗಬೇಕಾದರೆ 21 ತುಂಬಿದ ಒಂದು ತಿಂಗಳೊಳಗೆ ಮದುವೆ ಆಗಬೇಕು. ಗಂಡಸರನ್ನು ಕಂಡರಾಗದ, ವಿಚ್ಛೇದನದ ಹಕ್ಕಿಗೆ ಹೋರಾಡುವ ಸೋದರತ್ತೆ ಸೀತಾದೇವಿ (ಲಲಿತಾ ಪವಾರ್) ಕೆಲಸವಿಲ್ಲದ ವ್ಯಂಗ್ಯಚಿತ್ರಕಾರ ಪ್ರೀತಮ್‌ನನ್ನು ದುಡ್ಡಿಗೆ ಗಂಡನಾಗಿ ಗೊತ್ತು ಮಾಡುತ್ತಾಳೆ, ಆಮೇಲೆ ಬಿಡುಗಡೆ ಕೊಡಿಸುವ ಕರಾರಿನ ಮೇಲೆ. ಮದುವೆಯಾದ ಕೂಡಲೇ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ.

ಈಗ ತಾರೀಖು ನೋಡಿ. 1954ರ ವಿಶೇಷ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಜನವರಿ 1ಕ್ಕೆ. ಹಿಂದೂ ವಿವಾಹ ಕಾಯ್ದೆಗೆ ಅಂಕಿತ ಬಿದ್ದದ್ದು 1955ರ ಮೇ 18ಕ್ಕೆ. ಸಿನಿಮಾ ಅದೇ ವರ್ಷದ್ದು. ಹಿಂದೂ ಕೋಡ್ ಬಿಲ್ (ಹಿಂದೂಗಳ ಮದುವೆ, ಆಸ್ತಿಯ ಕಾನೂನು ಬದಲಿಸುವ ಮಸೂದೆ) ಮುಂದಕ್ಕೆ ಹೋಗದ್ದೂ ಒಂದು ಕಾರಣವಾಗಿ ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿ ಬಿಟ್ಟಿದ್ದರು. ಆ ಜಗಳದ ಬಿಸಿ ಇನ್ನೂ ಇಳಿದಿರಲಿಲ್ಲ. ಹಾಗಾಗಿ ವಿಚ್ಛೇದನದ ಮಸೂದೆ ಅಂದರೆ ಆಗಿನ ಸಭಿಕರಿಗೆ ಬೆಳಗಿನ ಪತ್ರಿಕೆಯ ಸುದ್ದಿ. ತಮಾಷೆ ಎಂದರೆ ಕತೆ ನಡೆಯುವ ಬೊಂಬಾಯಿಯಲ್ಲಿ ಹಿಂದೂಗಳಿಗೆ ವಿಚ್ಛೇದನ 1947ರಿಂದಲೇ ಇತ್ತು, ಬಾಂಬೆ ಹಿಂದೂ ವಿಚ್ಛೇದನ ಕಾಯ್ದೆಯ ಮೂಲಕ. 1955ರ ಕಾಯ್ದೆ ಬಂದಾಗ ಅದು ರದ್ದಾಯಿತು.

ಸೀತಾದೇವಿಯ ಉಪಾಯ ಕಾನೂನಿನಲ್ಲಿ ನಿಲ್ಲುತ್ತದಾ? ನಿಲ್ಲುವುದಿಲ್ಲ. 1954ರ ಕಾಯ್ದೆಯಂತೆ ರಿಜಿಸ್ಟ್ರಾರ್ ಮುಂದೆ ಮದುವೆ ಎಂದರೆ 30 ದಿನದ ನೋಟಿಸ್ ಬೇಕು. ಕೈಯಲ್ಲಿರುವುದೇ ಒಂದು ತಿಂಗಳು, ಒಂದು ದಿನ ತಡವಾದರೂ 70 ಲಕ್ಷ ಹೋಯಿತು. (ಹಳೆಯ 1872ರ ಕಾಯ್ದೆಯಲ್ಲಾದರೆ 14 ದಿನ.) ವಿಚ್ಛೇದನಕ್ಕೆ 1954, 1955ರ ಎರಡೂ ಕಾಯ್ದೆಗಳಲ್ಲಿ ಮದುವೆಯಾಗಿ ಮೂರು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಅರ್ಜಿಯೇ ಹಾಕುವಂತಿಲ್ಲ, ಇದು ಒಂದು ವರ್ಷಕ್ಕೆ ಇಳಿದದ್ದು 1976ರಲ್ಲಿ. ಕ್ರೌರ್ಯ, ತೊರೆದು ಹೋಗುವುದು ಇವೆಲ್ಲ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಬೇರೆ ವಾಸಕ್ಕೆ ಕಾರಣ, ವಿಚ್ಛೇದನಕ್ಕಲ್ಲ. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ವಿಶೇಷ ವಿವಾಹ ಕಾಯ್ದೆಯಲ್ಲಿ ಮೊದಲಿಂದ ಇತ್ತು, ಆದರೆ ಒಂದು ವರ್ಷ ಬೇರೆ ಬದುಕಿರಬೇಕು. ಹಿಂದೂ ವಿವಾಹ ಕಾಯ್ದೆಗೆ ಅದು ಸೇರಿದ್ದು 1976ರಲ್ಲೇ. ಎಲ್ಲಕ್ಕಿಂತ ಮುಖ್ಯವಾಗಿ ಹಿಂದೂ ವಿವಾಹ ಕಾಯ್ದೆಯ ಕಲಂ 23: ಗಂಡ ಹೆಂಡತಿ ಒಳಒಪ್ಪಂದ ಮಾಡಿಕೊಂಡು ಕೇಸು ತಂದಿದ್ದರೆ ನ್ಯಾಯಾಲಯ ವಿಚ್ಛೇದನ ಕೊಡುವಂತಿಲ್ಲ. ಪ್ರೀತಮ್ ತನ್ನ ವಿರುದ್ಧ ತಾನೇ ಸುಳ್ಳು ಸಾಕ್ಷ್ಯ ಒದಗಿಸುತ್ತಾನಲ್ಲ, ಅದನ್ನು ಸಿನಿಮಾ ತ್ಯಾಗ ಎನ್ನುತ್ತದೆ. ನ್ಯಾಯಾಧೀಶರಿಗೆ ಗೊತ್ತಾದರೆ ಅರ್ಜಿ ವಜಾ.

ಅಂದರೆ ಈ ಸಿನಿಮಾ ಹೆದರಿಸುವ ‘ಕೇಳಿದ ಕೂಡಲೇ ಸಿಗುವ ವಿಚ್ಛೇದನ’ ಈ ಎರಡು ಕಾಯ್ದೆಗಳಲ್ಲಿ ಇರಲಿಲ್ಲ. ಅದೇ ನಿಮ್ಮ ಚರ್ಚೆಯ ಬಾಗಿಲು. ಇಲ್ಲದ ಸಲೀಸು ದಾರಿಯನ್ನು ತೋರಿಸಿ ನಗಿಸಿದ್ದು ಯಾಕೆ, ಆ ನಗು ಯಾರ ಖರ್ಚಿನಲ್ಲಿ ಎಂದು ಕೇಳಿ. ತಾರೀಖುಗಳನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಮಧ್ಯಂತರದಲ್ಲಿ ಹಂಚಿ. ಮೊದಲೇ ಹಂಚಿದರೆ ಸಿನಿಮಾ ನೋಡುವಾಗ ಮೊಬೈಲ್ ಬೆಳಕಿನಲ್ಲಿ ಓದುತ್ತಾರೆ.

ಪುಣೆ_ಪ್ಯಾಟಿ:

ಮೇಡಮ್ಮಾರು ಕಾನೂನು ಛಲೋ ಬಿಡಿಸಿ ಹೇಳ್ಯಾರ. ಆದ್ರ ಬರೇ ಕಾಯ್ದೆ ಹಿಡದ್ರ ಹಿರ್ಯಾರಿಗೆ ನಿದ್ದಿ ಬರತೈತ್ರಿ. ಒಂದು ದೃಶ್ಯ ಹಿಡ್ಕೊಂಡು ಮಾತಾಡ್ಸ್ರಿ.

ಯಾವುದಂದ್ರ, ಪ್ರೀತಮ್ ಅನಿತಾನ್ನ ಎತ್ಕೊಂಡು ಹೋಗಿ ಅಣ್ಣನ ಮನ್ಯಾಗ ಇಡ್ತಾನಲ್ಲ, ಅಲ್ಲಿ ಅತ್ತಿಗಿ (ಕುಂಕುಮ್) ಮನಿಗೆಲಸ ಮಾಡ್ಕೋತ ಗಂಡ ಹೊಡಿಯೂದನ್ನೂ ಪ್ರೀತಿ ಲೆಕ್ಕದಾಗ ಹಾಕಿ ಮಾತಾಡ್ತಾಳ. ಸಿನಿಮಾ ಆಕಿ ಪರವಾಗೇ ಐತಿ, ಅನುಮಾನ ಬ್ಯಾಡ. ಸಮಿತಿಯವ್ರು ಇದನ್ನ ಕತ್ತರಿಸೂನು ಅಂದ್ರ ಒಪ್ಪಬ್ಯಾಡ್ರಿ. ಸಿನಿಮಾ ಮುಗಿದ ಮ್ಯಾಲ ಈ ದೃಶ್ಯ ಮತ್ತೊಮ್ಮೆ ಹಾಕ್ರಿ, ಧ್ವನಿ ಬಂದ್ ಮಾಡಿ. ಮಾತಿಲ್ದ ನೋಡಿದ್ರ ಅನಿತಾನ ಮುಖ ಏನ ಹೇಳಾಕತ್ತೈತಿ ಅಂತ ಮಂದಿ ತಾವ ಹೇಳ್ತಾರ. ಮೂರು ನಿಮಿಷ ಸಾಕು. ಆ ಜಾಗದ ಸಮಯ ಮದ್ಲ ಬರ್ಕೊಂಡಿರ್ರಿ, ಎಲ್ಲಾರ ಮುಂದ ಮುಂದಕ್ಕ ಹಿಂದಕ್ಕ ಓಡ್ಸಿ ಹುಡುಕೂದು ಛಂದ ಕಾಣಂಗಿಲ್ಲ.

ಎರಡನೇದು, ಆ ಕಾರ್ಟೂನು. ಸೀತಾದೇವಿ ಚಾಟಿ ಹಿಡದು ರಥ ಹೊಡ್ಯಾಕತ್ತಿದ್ದು. ಸಿನಿಮಾದಾಗಿನ ಕಾರ್ಟೂನು ಬರದವ್ರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಕ್ಯಾಮರಾ ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ ಹುಟ್ಟಿದ್ದು ಬೆಂಗಳೂರಾಗ. ಇಷ್ಟು ಹೇಳಿದ್ರ ನಿಮ್ಮ ಬಳಗದಾಗ ‘ಹಿಂದಿ ಸಿನಿಮಾ ಯಾಕ’ ಅಂತ ಕೇಳವ್ರ ಬಾಯಿ ಬಂದ್! ಖರೇ ಅಂದ್ರ ಕಾರ್ಟೂನು ಇರೂದ ಸಿನಿಮಾದ ಕೀಲಿ: ಗಂಡಸಿನ ಕೈಯಾಗ ಪೆನ್ಸಿಲ್ ಐತಿ, ಹೆಂಗಸಿನ ಕೈಯಾಗ ರೊಕ್ಕ ಐತಿ. ರೊಕ್ಕ ಇದ್ದಾಕಿನ್ನ ಆತ ಬರದು ಮಂದಿ ಮುಂದ ಇಡ್ತಾನ, ಆತನ್ನ ಬರ್ಯಾಕ ಯಾರೂ ಇಲ್ಲ.

ಹೋಲಿಕಿ ಬೇಕಂದ್ರ 1949ರ ಅಮೇರಿಕನ್ ಸಿನಿಮಾ ‘ಆಡಮ್ಸ್ ರಿಬ್’ ಐತಿ. ಗಂಡ ಸರಕಾರಿ ವಕೀಲ, ಹೆಂಡ್ತಿ ಆರೋಪಿ ಪರ ವಕೀಲಿ, ಒಂದೇ ಕೋರ್ಟಿನ್ಯಾಗ ಎದುರಾ ಬದರಾ, ಅದರಾಗ ಮನಿ ಒಡ್ಯಾಕ ಬರತೈತಿ. ಆಕಿ ತಾನ ವಾದ ಮಾಡ್ತಾಳ. ಅನಿತಾ ತನ್ನ ತೀರ್ಮಾನ ತಾ ತಗೊಳ್ಳೂದು ಕಡೀಕ, ವಿಮಾನ ನಿಲ್ದಾಣಕ್ಕ ಓಡೂ ಹೊತ್ತಿನ್ಯಾಗ.

ಮುಲುಂಡ್ ಮಂದಾರ:

ಎಲ್ಲರಿಗೂ ಧನ್ಯವಾದ. ಕಲಂ ಮೇಡಂ, ಕಾನೂನಿನ ಪುಟ ನೀವು ಹೇಳಿದ ತಾರೀಖುಗಳಲ್ಲೇ ಮಾಡ್ತೀವಿ. ಒಂದು ಅನುಮಾನ: ಹಿರಿಯರಿಗೆ ಎರಡೂವರೆ ಗಂಟೆ, ಮೇಲೆ ಚರ್ಚೆ, ಉದ್ದ ಆಗಲ್ವಾ? ಒಂದೆರಡು ಹಾಡು ತೆಗೆದ್ರೆ?

ಮಾಟುಂಗಾ ರೀಲು:

ಹಾಡು ತೆಗೀಬೇಡಿ ಮಾರಾಯ್ರೆ. ಗುರುದತ್ ಸಿನಿಮಾದಲ್ಲಿ ಹಾಡು ಮಾತಿನ ಬಾಲ ಹಿಡಿದೇ ಶುರುವಾಗ್ತದೆ, ಹಾಡಿನೊಳಗೇ ಕತೆ ಮುಂದೆ ಹೋಗ್ತದೆ. ಪ್ರೀತಮ್‌ಗೆ ಪ್ರೀತಿ ತಲೆಗೇರಿದ ಹಾಡು ನೋಡಿ, ಕೂತಲ್ಲಿ ಶುರುವಾಗಿ ಬೀದಿಗೆ ಬಂದು ಬಸ್ಸಿನವರೆಗೂ ಹೋಗ್ತದೆ. ಕತ್ತರಿಸಿದ್ರೆ ಅವನು ಅಲ್ಲಿಗೆ ಹೇಗೆ ಬಂದ ಅಂತ್ಲೇ ತಿಳಿಯೋದಿಲ್ಲ. ಸಬ್‌ಟೈಟಲ್‌ನ ಸಮಯ ಕೂಡ ಅಲ್ಲಿಂದ ಮುಂದೆ ಪೂರಾ ತಪ್ತದೆ.

ಅದರ ಬದಲು ನಾಲ್ಕೂವರೆಗೆ ಸರಿಯಾಗಿ ಶುರು, ಪೀಠಿಕೆ ಐದೇ ನಿಮಿಷ. ಸ್ವಾಗತ ಭಾಷಣ, ಹೂಗುಚ್ಛ ಎಲ್ಲ ಬಿಡಿ. ಮಧ್ಯಂತರ 15 ನಿಮಿಷ, ಚಹಾ ಕುರ್ಚಿ ಹತ್ರಕ್ಕೇ ಬರಲಿ; ಕೌಂಟರಿಗೆ ಕಳಿಸಿದ್ರೆ 80 ಜನಕ್ಕೆ ಅರ್ಧ ಗಂಟೆ ಹಿಡೀತದೆ. ಏಳೂಕಾಲರಿಂದ ಏಳೂವರೆ ಒಳಗೆ ಸಿನಿಮಾ ಮುಗೀತದೆ, ಎಂಟೂಕಾಲಿಗೆ ಎಲ್ಲರೂ ಹೊರಗೆ. ಹಾಲ್ ಒಂಬತ್ತರ ತನಕ ಬುಕ್ ಮಾಡಿ. ಪ್ರೊಜೆಕ್ಟರ್ ಮಾತ್ರ ಹಿಂದಿನ ದಿನ ಸಂಜೆಯೇ ತರಿಸಿ, ಅದೇ ಕೇಬಲ್, ಅದೇ ಲ್ಯಾಪ್‌ಟಾಪ್ ಇಟ್ಟು ಮೊದಲ ಹತ್ತು ನಿಮಿಷ, ನಡುವಿನ ಒಂದು ಹಾಡು, ಕೊನೆಯ ಹತ್ತು ನಿಮಿಷ ಓಡಿಸಿ ನೋಡಿ. ಕೊನೆ ಕುರ್ಚಿಯಲ್ಲಿ ಒಬ್ಬರು ಕನ್ನಡಕದ ಹಿರಿಯರನ್ನೇ ಕೂರಿಸಿ.

ಸಾಲು_ಸಮಯ:

ಮತ್ತೆ ಎಂಪಿ4 ಎರಡು ಪೆನ್‌ಡ್ರೈವ್‌ನಲ್ಲಿ ಇರಲಿ. ಎಫ್‌ಎಟಿ32 ಫಾರ್ಮ್ಯಾಟ್ ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರೋದಿಲ್ಲ, ಕಾಪಿ ಪೂರ್ತಿ ಆಗೋದೇ ಇಲ್ಲ. ಎಕ್ಸ್‌ಫ್ಯಾಟ್ ಮಾಡಿ, ಪ್ರೊಜೆಕ್ಟರ್ ಅದನ್ನ ಓದುತ್ತಾ ಅಂತ ಹಿಂದಿನ ದಿನವೇ ನೋಡಿ. ಓದದಿದ್ರೆ ಫೈಲನ್ನೇ ಮೂರೂವರೆ ಜಿಬಿಗೆ ಇಳಿಸಿ. ಕಪ್ಪು-ಬಿಳುಪಿಗೆ ಅಷ್ಟು ಧಾರಾಳ.